ಕಣ್ಣು ಮುಚ್ಚಿ ಕೈ ಮುಗಿದ ಮಧ್ಯಾಹ್ನ

ಆ ಕಾಲಕ್ಕೆ ಚಿನಕುರಳಿಯ ನಮ್ಮ ಮನೆ ಮುಂದಿನ ಕಣದ ತುಂಬ ಕೋಳಿ. ನನಗೆ ಏಳೋ ಎಂಟೋ ವರ್ಷ. ಸ್ಕೂಲಿಗೆ ಹೋಗಿದ್ದಕ್ಕಿಂತ ಕೋಳಿಮರಿ ಕಾಯ್ದಿದ್ದೇ ಹೆಚ್ಚು. ಅವ್ವ ಹುರಿಗಡಲೆ, ಬೆಲ್ಲ ಮಡಿಲಿಗೆ ಹಾಕಿ, "ಅದ್ದು ಬಂದ್ರೆ ಕೂಗಿ ಓಡ್ಸು, ಗರುಡ ಬಂದ್ರೆ ಕೈ ಮುಗಿ" ಎಂದು ಹೊಲಕ್ಕೆ ಹೋಗುತ್ತಿದ್ದಳು. ಗರುಡ ದೇವರ ವಾಹನವಲ್ಲವೇ! ಕಂಡರೆ ಕಣ್ಣು ಮುಚ್ಚಿ, ಕೆನ್ನೆ ತಟ್ಟಿಕೊಂಡು "ಕೃಷ್ಣ ಕೃಷ್ಣ" ಎನ್ನಬೇಕು.

ಆ ಸಲ ಚುಕ್ಕೆ ಹ್ಯಾಟೆ ಕೋಳಿ ಒಂಬತ್ತು ಮರಿ ಮಾಡಿತ್ತು. ಬೆನ್ನ ಮೇಲೆ ಕಪ್ಪು ಗೆರೆ ಇದ್ದದ್ದನ್ನು ಅವ್ವ ನನಗೇ ಅಂತ ಕೊಟ್ಟಿದ್ದಳು. ಅದಕ್ಕೆ ಚಿನ್ನಿ ಎಂದು ಹೆಸರಿಟ್ಟಿದ್ದೆ.

ಒಂದು ಮಧ್ಯಾಹ್ನ ಬಿಸಿಲಿಗೆ ಎದುರಾಗಿ ಹಕ್ಕಿಯೊಂದು ತೇಲಿ ಬಂತು. ರೆಕ್ಕೆ ಕೆಂಪಗೆ ಹೊಳೆಯಿತು. ಗರುಡನೇ! ಕಣ್ಣು ಮುಚ್ಚಿ ಕೆನ್ನೆ ತಟ್ಟಿಕೊಂಡೆ. ಕಣ್ಣು ಬಿಡುವಷ್ಟರಲ್ಲಿ ಹ್ಯಾಟೆ ಕಿರುಚುತ್ತಿತ್ತು. ಚಿನ್ನಿ ಇರಲಿಲ್ಲ.

ಜಗುಲಿಯಲ್ಲಿ ಹಗ್ಗ ಹೊಸೆಯುತ್ತಿದ್ದ ತಾತ ನಕ್ಕೇಬಿಟ್ಟ. "ಅಯ್ಯೋ ಮಂಕೇ! ಅದು ಅದ್ದು ಕಣೇ! ಕಳ್ಳಂಗೆ ಕೈ ಮುಗ್ದು ಮರಿ ಕೊಟ್ಟು ಕಳಿಸ್ಬುಟ್ಟಲ್ಲೇ!"

ನಾನು ಬಿಕ್ಕಿ ಬಿಕ್ಕಿ ಅತ್ತೆ. ತಾತ ಹಗ್ಗ ಬಿಟ್ಟು ನನ್ನನ್ನು ತೊಡೆಯ ಮೇಲೆ ಕೂರಿಸಿಕೊಂಡ. "ಬಿಸ್ಲಲ್ಲಿ ಬಣ್ಣ ಮೋಸ ಮಾಡ್ತದೆ ಕಣವ್ವಾ. ಗರುಡಂಗೆ ತಲೆ, ಎದೆ ಬೆಳ್ಳಗೆ, ಮೈ ಇಟ್ಟಿಗೆ ಬಣ್ಣ, ಸರಿ. ಆದ್ರೂ ಮೊದ್ಲು ಬಾಲ ನೋಡು. ಗರುಡಂದು ಬೀಸಣಿಗೆ ತರ ದುಂಡಗಿರ್ತದೆ. ಅದ್ದಿಂದು ನಡುವೆ ಕವಲು. ಕೈ ಆಮೇಕೆ ಮುಗಿ, ದೇವ್ರು ಕಾಯ್ತನೆ."

ಉಳಿದ ಎಂಟರಲ್ಲಿ ಒಂದನ್ನೂ ನಾನು ಹದ್ದಿಗೆ ಬಿಡಲಿಲ್ಲ.

ಮೊನ್ನೆ ಶ್ರೀರಂಗಪಟ್ಟಣದ ನಮ್ಮ ತಾರಸಿಯಲ್ಲಿ ಸಂಡಿಗೆ ಕಾಯುತ್ತಾ ಮೊಮ್ಮಗಳಿಗೆ ಇದನ್ನೆಲ್ಲ ಹೇಳಿದೆ. ಅಷ್ಟರಲ್ಲಿ ಹೊಳೆ ಕಡೆಯಿಂದ ಕಂದು ಹಕ್ಕಿಯೊಂದು ಬಂತು. ತಲೆಯಲ್ಲಿ ಬಿಳುಪಿನ ಸುಳಿವೂ ಇಲ್ಲ.

"ಅದ್ದು ಕಣೇ, ಓಡ್ಸು!" ಎಂದೆ.

"ತಡಿ ಅಜ್ಜಿ, ಬಾಲ ದುಂಡಗದೆ! ಗರುಡನ್ ಮರಿ ಇರ್ಬೇಕು. ಇನ್ನೂ ಬಣ್ಣ ಬಂದಿಲ್ಲ ಅಷ್ಟೇ."

ಅವಳು ಹೇಳಿ ಮುಗಿಸಿರಲಿಲ್ಲ, ಹಿಂದಿನಿಂದ ಬಿಳಿ ತಲೆಯ ದೊಡ್ಡ ಗರುಡ ಬಂದು ಅದರ ಜೊತೆ ಸುತ್ತತೊಡಗಿತು. ಅಬ್ಬಾ, ನನ್ನ ಖುಷಿ ಏನು ಹೇಳಲಿ! ಮರಿಯ ಬಣ್ಣದ ಸಂಗತಿ ತಾತ ನನಗೆ ಹೇಳಿಯೇ ಇರಲಿಲ್ಲ. ಏಳು ವರ್ಷದ ಕೂಸು ಅವನ ಒಂದೇ ಮಾತು ಹಿಡಿದು ಕಂಡುಕೊಂಡಳು!

ಈಗ ಆ ಕಣವಿಲ್ಲ, ಕೋಳಿಯಿಲ್ಲ, ತಾತನಿಲ್ಲ. ನನ್ನ ಕಣ್ಣಿಗೆ ಬಣ್ಣವಷ್ಟೇ ಕಾಣುತ್ತದೆ; ಬಾಲ ದುಂಡಗಿದೆಯೋ ಕವಲಿದೆಯೋ ಕಾಣದು. ಹಕ್ಕಿಯ ನೆರಳು ಬಿದ್ದರೆ ಸುಮ್ಮನೆ ಕಾಯುತ್ತೇನೆ. ಅವಳು ಬಾಲ ನೋಡಿ, "ಈಗ ಮುಗಿ ಅಜ್ಜಿ" ಅಂದಮೇಲೆ ಕೈ ಮುಗಿಯುತ್ತೇನೆ.