ಕಾಕ ಕಚ್ಚಿದ ನಿಂಬೆಹೋಳು

ಕಳೆದ ವಾರ ಅಲ್ ರೀಮ್ ಐಲ್ಯಾಂಡಿನ ನಮ್ಮ ಕಟ್ಟಡದ ಕೆಳಗೆ, ಪಾರ್ಕಿನಲ್ಲಿ ಯಾರೋ ಇದ್ದಿಲು ಹೊತ್ತಿಸಿದ್ದರು. ಕೆಂಡದ ಮೇಲೆ ಕೊಬ್ಬು ತೊಟ್ಟಿಕ್ಕಿದಾಗ ಏಳುತ್ತದಲ್ಲ, ಆ ಹೊಗೆ ಬಾಲ್ಕನಿಯವರೆಗೂ ಬಂತು. ಒಣಗಿದ ಬಟ್ಟೆ ತೆಗೆಯುತ್ತಿದ್ದ ಕೈ ಹಾಗೇ ನಿಂತಿತು. ಕಾಕ ನೆನಪಾದರು...

ನಾನು ಅಬುಧಾಬಿಗೆ ಬಂದ ಹೊಸತರಲ್ಲಿ ಹಮ್ದಾನ್ ಸ್ಟ್ರೀಟಿನ ರೂಮಿನಲ್ಲಿ ನನ್ನ ಪಕ್ಕದ ಮಂಚ ಅವರದು. ಉಳ್ಳಾಲದ ಬ್ಯಾರಿ, ರೂಮಿನವರಿಗೆಲ್ಲ ‘ಕಾಕ’. ಹತ್ತಿರದ ಒಂದು ಕಬಾಬ್ ಹೋಟೆಲಿನಲ್ಲಿ ಮೂವತ್ತು ವರ್ಷ ಕೆಂಡದ ಮುಂದೆ ನಿಂತವರು. ಹಾಸನದ ಕಡೆಯ ನನ್ನನ್ನು ‘ಘಟ್ಟದವ’ ಎಂದೇ ಕರೆಯುತ್ತಿದ್ದರು. ನನ್ನ ಹೆಸರು ಅವರಿಗೆ ಗೊತ್ತಿತ್ತೋ ಇಲ್ಲವೋ.

ಆ ವರ್ಷ ಹೋಟೆಲಿಗೆ ಗಿರಾಕಿಗಳು ಕಡಿಮೆಯಾದರು. ದುಬೈಯ ಹಳೇ ಪೇಟೆಯಲ್ಲಿ ಹೆಸರು ಮಾಡಿದ ಕಬಾಬ್ ಅಂಗಡಿಗಳಲ್ಲಿ ತಿಂದು ನೋಡಿ ಹೊಸ ಮಸಾಲೆ ಕೂಡಿಸಿ ಎಂದರು ಮಾಲೀಕರು. ಅದು ಜನಕ್ಕೆ ಹಿಡಿಸಿದರೆ ಕಾಕನ ವೀಸಾ ಮುಂದುವರಿಯುತ್ತದೆ, ಇಲ್ಲವಾದರೆ ಖಲಾಸ್. ಆಗಷ್ಟೇ ಕಾಕ ದೊಡ್ಡ ಜ್ವರದಿಂದ ಎದ್ದಿದ್ದರು. ಒಬ್ಬರೇ ಹೋಗಲು ಸುಸ್ತು ಎಂದು ನನ್ನನ್ನೂ ಹೊರಡಿಸಿದರು. ನಾನು ಹಾಗೆಂದೇ ತಿಳಿದಿದ್ದೆ.

ಬಸ್ಸಿಳಿದು, ಅಬ್ರಾ ದೋಣಿಯಲ್ಲಿ ಕ್ರೀಕ್ ದಾಟಿ, ಒಳಗೆ ಗಾಳಿ ಇಳಿಸುವ ಗೋಪುರಗಳಿದ್ದ ಹಳೆಯ ಮನೆಗಳ ಸಂದಿಯಲ್ಲಿ ಸುತ್ತಿದೆವು. ಇರಾನಿಯವರ ಅಂಗಡಿಯಲ್ಲಿ ಕೇಸರಿ ಹಚ್ಚಿದ ಕುರಿಮಾಂಸ, ಬಾಯಲ್ಲಿಟ್ಟರೆ ಬೆಣ್ಣೆ. ಪೇಶಾವರದವರದ್ದು ಬರೀ ಉಪ್ಪು ಮತ್ತು ಕೆಂಡ, ಆದರೂ ಬಿಡಲು ಮನಸ್ಸಾಗಲಿಲ್ಲ. ಮೂರನೆಯ ಕಡೆ ಹುಳಿಮೊಸರಿನಲ್ಲಿ ನೆನೆಸಿದ ಕೋಳಿ, ಹಲ್ಲು ಜುಮ್ಮೆನ್ನುವಷ್ಟು ಹುಳಿ. ಕಾಕ ತುಂಡನ್ನು ತಿರುಗಿಸಿ ಸುಟ್ಟ ಬಣ್ಣ ನೋಡಿದರು, ಬೆರಳಲ್ಲಿ ಒತ್ತಿದರು, ನಿಧಾನ ಜಗಿದರು.

“ಇದೇ ಆಗಬಹುದು. ಎಂತ ಘಟ್ಟದವ, ಸರಿ ಉಂಟಲ್ಲ?”

ನಮ್ಮ ಮನೆಯಲ್ಲಿ ದೊಡ್ಡವರು ಊಟದ ಬಗ್ಗೆ ಒಂದು ಮಾತು ಹೇಳಿದ ಮೇಲೆ ಕಿರಿಯರು ಬೇರೆ ಹೇಳುವ ರೂಢಿಯಿಲ್ಲ. ಅದೂ ಮೂವತ್ತು ವರ್ಷ ಸುಟ್ಟವರ ಮುಂದೆ ನನ್ನದೇನು? “ಹೌದು ಕಾಕಾ, ಬಹಳ ಚೆನ್ನಾಗಿದೆ,” ಎಂದೆ. ಅವರು ತಟ್ಟೆಯ ನಿಂಬೆಹೋಳನ್ನು ಸಿಪ್ಪೆ ಸಮೇತ ಕಚ್ಚಿ, ಮುಖ ಕಿವುಚದೆ ಅಗಿದು ನುಂಗಿದರು. ಗಟ್ಟಿ ಮನುಷ್ಯ ಎಂದುಕೊಂಡು ನಾನು ನಕ್ಕೆ...

ಆ ಹುಳಿಯನ್ನೇ ಕಾಕ ತಮ್ಮ ಮಸಾಲೆಗೆ ತಂದರು. ಎರಡೇ ವಾರಕ್ಕೆ ತಟ್ಟೆಗಳು ತುಂಬಿದ ಹಾಗೇ ಒಳಗೆ ವಾಪಸು ಬರತೊಡಗಿದವು.

ಕಾಕ ಊರಿಗೆ ಹೊರಡಲು ಪೆಟ್ಟಿಗೆ ಕಟ್ಟುವ ದಿನ, ಹಗ್ಗ ಬಿಗಿಯುತ್ತಾ, ನನ್ನ ಮುಖ ನೋಡದೆ ಹೇಳಿದರು: “ಜ್ವರ ಬಿಟ್ಟ ಮೇಲೆ ಮೂಗಿಗೂ ನಾಲಿಗೆಗೂ ಎಂತದೂ ಗೊತ್ತಾಗುದಿಲ್ಲ ಮಾರಾಯ. ನಿನ್ನ ನಾಲಿಗೆ ಉಂಟಲ್ಲ ಅಂತ ಕರ್ಕೊಂಡು ಹೋದದ್ದು. ನೀನು ಹೌದು ಅಂದಿ, ನಾನು ಸರಿ ಅಂತ ಗ್ರಹಿಸಿದೆ.”

ಬೈದಿದ್ದರೆ ಎಷ್ಟೋ ವಾಸಿಯಿತ್ತು.

ಹೋಟೆಲಿಗೆ ಓಡಿದೆ. ತಪ್ಪು ನನ್ನದು ಎಂದು ಮಾಲೀಕರಿಗೆ ಎಲ್ಲವನ್ನೂ ಹೇಳಿದೆ. ಅವರು ಕೂರಿಸಿ ಸುಲೈಮಾನಿ ಚಹಾ ತರಿಸಿದರು, ಪೂರ್ತಿ ಕೇಳಿಸಿಕೊಂಡರು, ಆಮೇಲೆ ಮೆಲ್ಲಗೆ, ರುಚಿಯೇ ಗೊತ್ತಾಗದ ಅಡುಗೆಯವರನ್ನು ನಾನೇನು ಮಾಡಲಿ, ನೀವೇ ಹೇಳಿ ಎಂದರು. ಕಾಕ ಯಾರಿಗೂ ತಿಳಿಯಬಾರದೆಂದು ಮುಚ್ಚಿಟ್ಟದ್ದನ್ನು ನಾನೇ ಹೋಗಿ ಬಿಚ್ಚಿಟ್ಟಿದ್ದೆ. ಚಹಾ ಮುಟ್ಟದೆ ಎದ್ದು ಬಂದೆ.

ಏರ್‌ಪೋರ್ಟಿನಲ್ಲಿ ಕಾಕ ನನ್ನ ಭುಜ ತಟ್ಟಿ, ಸರಿಯಾಗಿ ಊಟ ಮಾಡು ಎಂದರು. ಅಷ್ಟೇ...

ಬಾಲ್ಕನಿಗೆ ಮಗಳು ಬಂದಳು. “ಸ್ಮೆಲ್ಸ್ ನೈಸ್, ನೋ ಅಪ್ಪಾ?” ಎಂದಳು.

ಹೂಂ ಎನ್ನಹೊರಟವನು ತಡೆದುಕೊಂಡೆ. ಮತ್ತೊಮ್ಮೆ ಮೂಸಿ ನೋಡಿದೆ.

“ಇಲ್ಲ ಮಗಳೇ, ಸೀದು ಹೋಗ್ತಿದೆ.”

ಎಷ್ಟು ಸಲೀಸಾಗಿ ಬಂತು ಮಾತು! ಅದನ್ನು ಕೇಳಬೇಕಾಗಿದ್ದವರು ಉಳ್ಳಾಲದ ಮಸೀದಿಯ ಪಕ್ಕದ ಮಣ್ಣು ಸೇರಿ ಎರಡು ವರ್ಷವಾಯಿತು.