ಶಿವದಾರದ ಕಲೆ

ಅಪ್ಪನ ಕುತ್ತಿಗೆಯ ಸುತ್ತ ಒಂದು ಕಪ್ಪು ಪಟ್ಟಿ ಇತ್ತು. ಮುಟ್ಟಿದರೆ ಮಖಮಲ್ಲಿನ ಹಾಗೆ, ತುಸು ದಪ್ಪ. ಹುಮನಾಬಾದಿನ ನಮ್ಮ ಓಣಿಯವರಿಗೆಲ್ಲ ಅದು ಶಿವದಾರದ ಕಲೆ. ಕೊರಳಲ್ಲಿ ಲಿಂಗ ಕಟ್ಟಿದವರಿಗೆ ದಾರ ತಿಕ್ಕಿ ತಿಕ್ಕಿ ಬೀಳುವ ಗುರುತು. ರವಿವಾರ ಬಚ್ಚಲಲ್ಲಿ ಅವ್ವ ಕಡಲೆಹಿಟ್ಟು ಹಚ್ಚಿ ಉಜ್ಜುವಳು.

"ಬಿಡ, ಚರ್ಮ ಕೀಳ್ತಿಯೇನು? ಭಕ್ತಿ ಅದು, ಹೋಗಂಗಿಲ್ಲ" ಎಂದು ಅಪ್ಪ ನಗುವನು.

"ಭಕ್ತಿಗಿ ಇಷ್ಟು ಮಣ್ಣ ಇರತದೇನ್ರಿ?" ಎಂದು ಅವ್ವ ಇನ್ನೊಂದು ತಂಬಿಗೆ ಸುರಿಯುವಳು.

ನನಗೆ ಆ ಕಲೆ ಯಾವಾಗ ಬರುತ್ತದೋ ಎಂದು ನಾನು ಬಾಗಿಲಲ್ಲಿ ನಿಂತು ಆಸೆಪಡುತ್ತಿದ್ದೆ.

ಅಪ್ಪ ಬೇಗ ಹೋದ. ಚಪ್ಪಲಿ ಕಚ್ಚಿದ ಒಂದು ಗಾಯ ಮಾಯಲೇ ಇಲ್ಲ; ಶುಗರ್ ಇದೆ ಎಂದು ಗೊತ್ತಾಗುವ ಹೊತ್ತಿಗೆ ಹೊತ್ತು ಮೀರಿತ್ತು. ಅಂದಿನಿಂದ ಚಿಂತೆ ಮಾಡುವುದೇ ನನ್ನ ಕಾಯಂ ನೌಕರಿ. ಬಸವಕಲ್ಯಾಣಕ್ಕೆ ಬಂದು ನೆಲೆಸಿದ ಮೇಲೂ, ಗ್ಯಾಸ್ ಬಂದ್ ಮಾಡಿದೆನೋ ಇಲ್ಲವೋ ಎಂದು ಅರ್ಧ ದಾರಿಯಿಂದ ತಿರುಗಿ ಬರುತ್ತೇನೆ. ಹೊಸ ಚಪ್ಪಲಿ ಕೊಂಡರೆ ಎಂಟು ದಿನ ಮನೆಯೊಳಗೇ ಮೆಟ್ಟಿ ನೋಡುತ್ತೇನೆ. ಆದರೆ ನನ್ನ ಕುತ್ತಿಗೆ ಕಪ್ಪಾದಾಗ ಮಾತ್ರ ಚಿಂತೆ ಮಾಡಲಿಲ್ಲ. ಐದು ನಿಮಿಷದಲ್ಲಿ ಪೂಜೆ ಮುಗಿಸುವವನಿಗೂ ಅಪ್ಪನ ಗುರುತು ಬಂತಲ್ಲ ಎಂದು ಕನ್ನಡಿಯ ಮುಂದೆ ಕಾಲರ್ ಇಳಿಸಿ ನೋಡಿಕೊಂಡೆ.

ಹೋದ ತಿಂಗಳು ಕೆಮ್ಮಿಗೆಂದು ಹೋದಾಗ ಡಾಕ್ಟರ ಕಣ್ಣು ಕುತ್ತಿಗೆಗೆ ಬಿತ್ತು.

"ಇದೇನ್ರಿ?"

"ಶಿವದಾರದ ಕಲೆರಿ."

"ಬಗಲಾಗೂ ಅದ ಏನ್ರಿ?"

ಕೈ ಎತ್ತಿದೆ. ಅಲ್ಲೂ ಇತ್ತು.

"ಬಗಲಾಗ ಯಾರು ಲಿಂಗ ಕಟ್ಕೋತಾರ್ರಿ?"

ಉಜ್ಜಿದರೆ ಹೋಗುವ ಕಪ್ಪಲ್ಲ ಇದು, ಒಳಗೆ ಶುಗರ್ ಕೆಡುವಾಗ ಕೆಲವರಿಗೆ ಚರ್ಮ ಮೊದಲೇ ಹೇಳುತ್ತದೆ ಎಂದು ರಕ್ತ ಪರೀಕ್ಷೆಗೆ ಕಳಿಸಿದರು. ಶುಗರ್ ಇತ್ತು. "ಇನ್ನಾ ಹೊತ್ತು ಮೀರಿಲ್ರಿ, ಬಾಯಿ ಕಟ್ರಿ" ಎಂದರು.

ಹುಮನಾಬಾದಿಗೆ ಹೋಗಿ ಅವ್ವನಿಗೆ ಎಲ್ಲ ಹೇಳಿದೆ. ಚಹಾ ಸೋಸುತ್ತಿದ್ದವಳ ಕೈ ನಿಂತಿತು.

"ನಿಮ್ಮಪ್ಪಗೂ ಬಗಲಾಗ ಇತ್ತೋ ತಮ್ಮಾ. ಅಂಗಿ ಬಿಗಿ ಆಗಿ ತಿಕ್ಕಾಕತ್ತದ ಅಂತ ನಾನು ಸಡ್ಲ ಹೊಲಿಸ್ದೆ."

ಅಪ್ಪನ ಅಂಗಿಗಳೆಲ್ಲ ಯಾಕೆ ಜೋಲುತ್ತಿದ್ದವೆಂದು ಆಗ ತಿಳಿಯಿತು. ಅವನ್ನು ನೋಡಿ ಎಷ್ಟು ನಕ್ಕಿದ್ದೆವು.

ಅವ್ವ ಸೋಸಿದ ಚಹಾವನ್ನು ಮೋರಿಗೆ ಸುರಿದು, ಮತ್ತೆ ನೀರಿಟ್ಟಳು. ಸಕ್ಕರೆ ಡಬ್ಬಿ ಮುಟ್ಟಲಿಲ್ಲ. ಎರಡು ಲೋಟ ಮಾಡಿದಳು. ಇಬ್ಬರ ಬಾಯಿಗೂ ಹಿಡಿಸಲಿಲ್ಲ, ಕುಡಿದೆವು.