ಹೊಸಮನಿ ಸರ್ ಮತ್ತು ಕಾಲಿಲ್ಲದ ಕಂಬ

ನಾವು ಮಾಡಿದ ಚಾರ್ಟ್ ಕೈಗೆ ಬಂದ ಕೂಡಲೇ ಹೊಸಮನಿ ಸರ್ ಮಾಡುತ್ತಿದ್ದ ಮೊದಲ ಕೆಲಸ ಅದರ ತಲೆಬರಹವನ್ನು ಅಂಗೈಯಿಂದ ಮುಚ್ಚುವುದು. ಪ್ರಿಂಟರಿನಿಂದ ಬಿಸಿಬಿಸಿಯಾಗಿ ಬಂದ ಹಾಳೆಯನ್ನು ಹಾಗೇ ಮುಚ್ಚಿ ಹಿಡಿದು ಕಾರಿಡಾರಿಗೆ ನಡೆಯುತ್ತಿದ್ದರು. ಅಲ್ಲಿ ಸ್ಟೂಲಿನ ಮೇಲೆ ಅಟೆಂಡರ್ ಲಕ್ಷ್ಮಮ್ಮ ಕೂತಿರುತ್ತಿದ್ದರು.

"ಅಕ್ಕಾರ, ಇದು ಏನ್ ಹೇಳಾಕತ್ತೈತಿ ನೋಡ್ರಿ?"

ಲಕ್ಷ್ಮಮ್ಮ ಕನ್ನಡಕ ಏರಿಸಿ ಕಂಬಗಳನ್ನು ನೋಡಿ, ಕೆಳಗಿನ ಹೆಸರುಗಳನ್ನು ಓದಿ, "ಗೊತ್ತಾಗ್ಲಿಲ್ಲ ಸಾರ್" ಅಂದರೆ ಮುಗಿಯಿತು, ಚಾರ್ಟ್ ಫೇಲು. ಮತ್ತೆ ಮಾಡಬೇಕು.

ಬೆಂಗಳೂರಿನ ವಿಜಯನಗರದ ಕಾಲೇಜೊಂದರ ಸಂಜೆ ವಿಭಾಗದಲ್ಲಿ ಅವರು ನಮಗೆ ಸಂಖ್ಯಾಶಾಸ್ತ್ರ ಮತ್ತು ಕಂಪ್ಯೂಟರ್ ಲ್ಯಾಬ್ ತೆಗೆದುಕೊಳ್ಳುತ್ತಿದ್ದ ಅತಿಥಿ ಉಪನ್ಯಾಸಕರು. ಬಿಜಾಪುರದ ಕಡೆಯವರು. ನಾನು ಹಗಲು ರಾಜಾಜಿನಗರದ ಔಷಧಿ ಗೋಡೌನಿನಲ್ಲಿ ಬಿಲ್ ಹಾಕಿ, ಸಂಜೆ ಬಿಕಾಂ ಓದಿ, ರಾತ್ರಿ ಸುಂಕದಕಟ್ಟೆಗೆ ಬಸ್ಸು ಹಿಡಿಯುತ್ತಿದ್ದವನು. ನಡುವೆ ಚರ್ಚಾಸ್ಪರ್ಧೆಗಳಿಗೆ ಹೋಗಿ ಕಪ್ ಗೆಲ್ಲುವ ಚಟ ಬೇರೆ. ಯಾರು ಏನೇ ಹೇಳಿದರೂ ಅದರಲ್ಲಿ ಬಿರುಕು ಹುಡುಕುವುದು ನನಗೆ ಉಸಿರಾಡಿದಷ್ಟು ಸಲೀಸಾಗಿತ್ತು.

ಆಗಿನ ಸ್ಪ್ರೆಡ್‌ಶೀಟ್ ಸಾಫ್ಟ್‌ವೇರಿನಲ್ಲಿ ಚಾರ್ಟ್ ಮಾಡಲು ನಾಲ್ಕು ಕಿಟಕಿಗಳು ಒಂದಾದ ಮೇಲೊಂದು ತೆರೆಯುತ್ತಿದ್ದವು. ಮಿಕ್ಕವನ್ನು ನೋಡದೆ ಮೊದಲ ಕಿಟಕಿಯಲ್ಲೇ ಫಿನಿಶ್ ಒತ್ತುವುದು ನಮ್ಮೆಲ್ಲರ ಅಭ್ಯಾಸ. ಬೂದು ಹಿನ್ನೆಲೆ, ನೇರಳೆ ಕಂಬಗಳು, ಪಕ್ಕದ ಚೌಕದಲ್ಲಿ 'ಸೀರೀಸ್ ಒನ್' ಎಂಬ ಹೆಸರು ತಾವಾಗಿಯೇ ಬಂದು ಕೂರುತ್ತಿದ್ದವು. ಸರ್ ಪರದೆಗೆ ಬಗ್ಗಿ ನೋಡಿ ಗಂಭೀರವಾಗಿ ಕೇಳುತ್ತಿದ್ದರು: "ಈ ಸೀರೀಸ್ ಒನ್ ಅನ್ನೋ ಮನುಷ್ಯಾ ಯಾವ ಊರಾಂವ? ನಿಮ್ಮ ಪೈಕಿ ಏನು?" ಯಾರಾದರೂ ಕಂಬಗಳನ್ನು ಮೂರು ಆಯಾಮದಲ್ಲಿ ಉಬ್ಬಿಸಿದರೆ, "ಗುಡಿ ಕಟ್ಟಾಕತ್ತೀಯೇನ್ ತಮ್ಮಾ? ಸುಮ್ಮನ ಚಪ್ಪಟಿ ಇರ್ಲಿ."

ಅವರ ದೊಡ್ಡ ಹಟ ಸೊನ್ನೆಯದು. ಕಂಬ ಅಂದಮೇಲೆ ಅದು ಸೊನ್ನೆಯಿಂದಲೇ ಮೇಲೇಳಬೇಕು. "ಕಾಲ್ ಕಡದ ಕಂಬ ನಿಂದ್ರಿಸಬ್ಯಾಡ್ರಿ. ಯಾವ ಚಾರ್ಟಿಗೇ ಆಗಲಿ, ಸೊನ್ನಿ ಬೇಕಂದ್ರ ಬೇಕ" ಎಂದು ಒಮ್ಮೆ ತರಗತಿಯಲ್ಲಿ ಹೇಳಿದರು. ಬಿರುಕು ಸಿಕ್ಕಿತು. ನಾನು ಎದ್ದು ನಿಂತೆ.

"ಸಾರ್, ಆಸ್ಪತ್ರೇಲಿ ಮಂಚಕ್ಕೆ ನೇತು ಹಾಕಿರೋ ಜ್ವರದ ಚಾರ್ಟ್ ಸೊನ್ನೆಯಿಂದ ಶುರು ಆದ್ರೆ, ಗೆರೆ ಸಪಾಟಾಗಿ ಮಲಗಿರತ್ತೆ. ಜ್ವರ ನೆತ್ತಿಗೇರಿದ್ರೂ ಡಾಕ್ಟರ್‌ಗೆ ಗೊತ್ತಾಗಲ್ಲ."

ಹಿಂದಿನ ಬೆಂಚಿನಿಂದ ಯಾರೋ "ಬಿತ್ತು ಮಗಾ ಸಾರ್‌ಗೆ ಒಂದು" ಅಂದರು. ಸರ್ ಬೋರ್ಡ್ ಒರೆಸಿದರು, ತರಗತಿ ಬಿಟ್ಟರು. ಮರುದಿನ ಬಂದು ಹಾಜರಿಗೂ ಮುಂಚೆ ಹೇಳಿದರು: "ನಿನ್ನಿ ನಾ ಹೇಳಿದ್ದು ತಪ್ಪೈತ್ರಿ. ಇಂವ ತಿದ್ದಿದ. ಗೆರಿ ಏರೋದು ಇಳಿಯೋದು ತೋರಸ್ತೈತಿ, ಅದಕ್ಕ ಸೊನ್ನಿ ಬೇಕಂತಿಲ್ಲ. ಕಂಬ ಎತ್ತರಾನ ತೋರಸ್ತೈತಿ, ಅದಕ್ಕ ಬೇಕ. ಬರಕೊಳ್ರಿ."

ಗೆದ್ದವನು ನಾನು. ಆದರೆ ವೇದಿಕೆಯ ಮೇಲೆ ಅದುವರೆಗೆ ನಾನು ಸೋಲಿಸಿದ ಒಬ್ಬನೂ ಮರುದಿನ ಬಂದು ಹೀಗೆ ಹೇಳಿರಲಿಲ್ಲ. ನನಗೇ ಯಾವತ್ತೂ ಹಾಗೆ ಹೇಳಬೇಕು ಅನ್ನಿಸಿರಲಿಲ್ಲ.

ಎರಡನೇ ವರ್ಷ ನೋಟಿಸ್ ಬೋರ್ಡಿನಲ್ಲಿ ಒಂದು ಹಾಳೆ ಬಂತು. ಸಂಜೆ ವಿಭಾಗದ ಫಲಿತಾಂಶ ಕಳಪೆಯಾಗಿರುವುದರಿಂದ ಅದನ್ನು ಮುಚ್ಚುವ ಬಗ್ಗೆ ಆಡಳಿತ ಮಂಡಳಿ ಯೋಚಿಸುತ್ತಿದೆ ಎಂಬ ಒಕ್ಕಣೆ, ಕೆಳಗೆ ಎರಡು ಕಂಬಗಳ ಚಾರ್ಟು. ಹಗಲಿನ ಕಂಬದ ಪಕ್ಕ ಸಂಜೆಯ ಕಂಬ ಮೂರರಲ್ಲಿ ಒಂದು ಪಾಲು. ಲಕ್ಷ್ಮಮ್ಮ ನೋಡಿ ಎದೆ ಮೇಲೆ ಕೈ ಇಟ್ಟುಕೊಂಡರು: "ಅಯ್ಯೋ, ಸಂಜೆ ಮಕ್ಕಳು ಇಷ್ಟೊಂದ್ ಜನ ಫೇಲಾದ್ರಾ?"

ಮುಚ್ಚಿದರೆ ನನ್ನ ಡಿಗ್ರಿ ಅಲ್ಲಿಗೇ ನಿಲ್ಲುತ್ತಿತ್ತು. ಕೆಲಸ ಬಿಟ್ಟು ಹಗಲು ಓದುವ ಸ್ಥಿತಿ ಮನೆಯಲ್ಲಿರಲಿಲ್ಲ. ಹತ್ತಿರ ಹೋಗಿ ಎಡಗಡೆಯ ಅಂಕಿಗಳನ್ನು ನೋಡಿದೆ. ಅಳತೆ ಶುರುವಾಗಿದ್ದೇ ಎಂಬತ್ತರಿಂದ. ಪಾಸಾದವರು ಹಗಲಿನಲ್ಲಿ ಶೇಕಡಾ ತೊಂಬತ್ತೆರಡು, ಸಂಜೆಯಲ್ಲಿ ಎಂಬತ್ತನಾಲ್ಕು.

"ಮೋಸ ಸಾರ್ ಇದು! ಬೇಕೂಂತ ಮಾಡಿದಾರೆ."

"ಮೋಸ ಅಲ್ಲೋ ಮಾರಾಯಾ. ಅಂಕಿ ಹತ್ತಿರ ಹತ್ತಿರ ಇದ್ರ ಈ ಸಾಫ್ಟ್‌ವೇರ್ ತಾನ ಕಾಲ್ ಕಡೀತೈತಿ. ಆಫೀಸಿನಾಂವ ಫಿನಿಶ್ ಒತ್ಯಾನ. ನಿಮ್ಮಂಗ."

ನನಗೆ ಪಿತೂರಿಯೇ ಬೇಕಾಗಿತ್ತು. ಮಂಡಳಿಯ ಸಭೆಯಲ್ಲಿ ವಿದ್ಯಾರ್ಥಿಗಳ ಪರ ಮಾತಾಡಲು ನನ್ನನ್ನು ಆರಿಸಿದ್ದರು. ಲ್ಯಾಬಿನಲ್ಲಿ ಕೂತು ಅದೇ ಅಂಕಿಗಳಿಗೆ ನನ್ನದೇ ಚಾರ್ಟ್ ಮಾಡಿದೆ: ಸೊನ್ನೆಯಿಂದ ಶುರು, ಮೇಲಿನ ತುದಿ ಐದುನೂರು. ಎರಡೂ ಕಂಬ ತಳದಲ್ಲಿ ಮುದುಡಿ ಅಣ್ಣ ತಮ್ಮಂದಿರಂತೆ ಕಂಡವು. ಸರ್ ತಲೆಬರಹಕ್ಕೆ ಅಂಗೈ ಮುಚ್ಚಿ ಕಾರಿಡಾರಿಗೆ ಒಯ್ದರು.

"ಇದೇನಪ್ಪ, ಎಲ್ರೂ ಕುಳ್ಳಗಾಗ್ಬಿಟ್ಟವ್ರೆ?" ಅಂದರು ಲಕ್ಷ್ಮಮ್ಮ.

ಸರ್ ನನ್ನ ಕಡೆ ತಿರುಗಿದರು. "ಅವರು ಕಾಲ್ ಕಡದಾರ, ನೀ ತಲಿ ಮ್ಯಾಲ ಆಕಾಶ ಇಟ್ಟೀ. ನೂರಕ್ಕ ಐದುನೂರು ಮಂದಿ ಪಾಸಾಗೋ ಕಾಲೇಜ್ ಯಾವ್ದೋ? ಅಡ್ರೆಸ್ ಕೊಡು, ನಾನೂ ಅಲ್ಲೇ ಸೇರ್ಕೋತೀನಿ."

"ಸಾರ್, ಡಿಬೇಟಲ್ಲಿ ಎದುರು ಪಕ್ಷಕ್ಕೆ ನಾವೇ ಪಾಯಿಂಟ್ ಕೊಡಲ್ಲ. ಎಂಟು ಕಮ್ಮಿ ಅನ್ನೋದು ಕಂಡ್ರೆ ಸೋತ್ವಿ. ನಿಮ್ ಕೆಲಸಾನೂ ಹೋಗತ್ತೆ."

"ನನ್ನ ಹೊಟ್ಟಿ ಪಾಡೂ ಅದರಾಗ ಐತಿ. ಅದಕ್ಕ ಇನ್ನೂ ಸರಿ ಮಾಡಬೇಕು. ಎಂಟು ಹಿಂದ ಅದೀವಿ, ಹೌದಿಲ್ಲೋ? ಕಾಣ್ಲಿ."

ತಾವೇ ಕೂತು ಮಾಡಿದರು. ಸೊನ್ನೆಯಿಂದ ನೂರು. ಸೀರೀಸ್ ಒನ್‌ಗೆ ಗಡೀಪಾರು. ಎಡಗಡೆ 'ಉತ್ತೀರ್ಣರಾದವರು, ಶೇಕಡಾ' ಎಂದು ಬರೆದು, ಕಂಬಗಳ ಕೆಳಗೆ 'ಹಗಲು', 'ಸಂಜೆ', ನೆತ್ತಿಯ ಮೇಲೆ ಅವರವರ ಅಂಕಿ ಕೂರಿಸಿದರು. ಲಕ್ಷ್ಮಮ್ಮ ನೋಡಿ ತೀರ್ಪು ಕೊಟ್ಟರು: "ಸಂಜೆಯೋರು ಒಸಿ ಗಿಡ್ಡ. ಅಷ್ಟೇ ತಾನೆ?"

ಸಭೆಯಲ್ಲಿ ನೋಟಿಸ್ ಬೋರ್ಡಿನ ಚಾರ್ಟನ್ನೂ ಸರ್ ಮಾಡಿದ್ದನ್ನೂ ಪಕ್ಕಪಕ್ಕ ಇಟ್ಟೆ. ಅಧ್ಯಕ್ಷರು ವಯಸ್ಸಾದವರು, ಎರಡನ್ನೂ ತುಂಬ ಹೊತ್ತು ನೋಡಿದರು.

"ಎರಡೂ ಒಂದೇ ಅಂಕಿನೇನಪ್ಪ?"

"ಒಂದೇ ಸಾರ್."

"ಎಂಟು ಕಮ್ಮಿ ಇರೋದಂತೂ ನಿಜ ತಾನೆ?"

ನಾಲಿಗೆಯ ಮೇಲೆ ಸಿದ್ಧವಾಗಿದ್ದ ಪ್ರತಿವಾದಗಳು ಒಂದನ್ನೊಂದು ತಳ್ಳಾಡುತ್ತಿದ್ದವು. ಮೂಲೆಯಲ್ಲಿ ಸರ್ ಕೈಕಟ್ಟಿ ಕೂತಿದ್ದರು. "ನಿಜ ಸಾರ್," ಎಂದೆ. "ಹಗಲೆಲ್ಲ ದುಡಿದು ಬಂದು, ಎಂಟು ಕಮ್ಮಿ."

ಅಧ್ಯಕ್ಷರು ಬೋರ್ಡಿನ ಹಾಳೆಯನ್ನು ಮಗುಚಿಟ್ಟರು. "ಇದನ್ನ ನೋಡಿ ನಾವೇ ಹೆದರ್ಕೊಂಡ್ವಲ್ರೀ," ಎಂದು ಪಕ್ಕದವರಿಗೆ ಹೇಳಿದರು. ಮುಚ್ಚುವ ಮಾತು ಅಲ್ಲಿಗೆ ನಿಂತಿತು. ಹೊರಗೆ ಬಂದ ಮೇಲೆ ಸರ್ ನನ್ನನ್ನು ಹೊಗಳಲಿಲ್ಲ. "ಇಡ್ಲಿ ತಿನ್ನೂಣು ಬಾ" ಅಂದರು, ಅಷ್ಟೆ.

ನಾನು ಕೊನೆಯ ವರ್ಷದಲ್ಲಿದ್ದಾಗ ಅವರಿಗೆ ಬಿಜಾಪುರದ ಕಡೆಯೇ ಕಾಯಂ ಕೆಲಸ ಸಿಕ್ಕಿತು. ಲ್ಯಾಬಿನಲ್ಲಿ ಖಾರಾಬಾತು ತರಿಸಿ ಬೀಳ್ಕೊಟ್ಟೆವು. ಮಾತಾಡುವ ಸರದಿ ನನ್ನದು. "ಇಂಥ ಮೇಷ್ಟ್ರು ಇಡೀ ಬೆಂಗಳೂರಲ್ಲೇ ಇಲ್ಲ" ಎಂದು ಶುರುಮಾಡಿದೆ.

ಕುರ್ಚಿಯಿಂದ ಸರ್ ಅಂಗೈ ಎತ್ತಿದರು. "ತಡಿ ತಮ್ಮಾ. ಬೆಂಗಳೂರಾಗ ಎಷ್ಟು ಮಂದಿ ಮೇಷ್ಟ್ರನ್ನ ನೋಡೀ? ಅದನ್ನ ಮೊದಲ ಕೆಳಗ ಬರಿ. ಆಮ್ಯಾಲ ಕಂಬ ಎತ್ತು."

ಎಲ್ಲರೂ ನಕ್ಕರು. ಬಾಯಿ ಕಟ್ಟಿ ನಿಂತವನು ನಾನೊಬ್ಬನೇ. ವಿಜಯನಗರದ ಬಸ್ ಸ್ಟ್ಯಾಂಡಿನವರೆಗೆ ಅವರ ಚೀಲ ಹೊತ್ತುಕೊಂಡು ಹೋದೆ. ಅವರು ಮೆಜೆಸ್ಟಿಕ್ಕಿನ ಬಸ್ಸು ಹತ್ತಿದರು. ಅದೇ ಕೊನೆ. ಕೊಟ್ಟು ಹೋಗಿದ್ದ ನಂಬರಿಗೆ ಕೆಲವು ಕಾಲದ ಮೇಲೆ ಫೋನ್ ಮಾಡಿದಾಗ ಬೇರೆ ಯಾರೋ ಎತ್ತಿದರು.

ಅಂದು ಬಾಕಿ ಉಳಿದ ಉತ್ತರ ಇದು. ಒಂದನೇ ತರಗತಿಯಿಂದ ಡಿಗ್ರಿವರೆಗೆ ನನಗೆ ಪಾಠ ಹೇಳಿದವರು ಸುಮಾರು ಮೂವತ್ತು ಮಂದಿ ಇದ್ದಾರು. ತಾನು ಹೇಳಿದ್ದು ತಪ್ಪು ಎಂದು ಮರುದಿನ ಹಾಜರಿಗೂ ಮುಂಚೆ ಹೇಳಿದವರು ಒಬ್ಬರು. ಸೊನ್ನೆಯಿಂದಲೇ ಎಣಿಸಿದ್ದೇನೆ, ಸರ್.